ಬಿಚ್ಚುವವನ ಬೆರಳು

ದೋಣಿ ನಾನೇ ಕಟ್ಟಿದ್ದು. ಪ್ಲೈವುಡ್ಡು, ಅಂಟು, ಹಿತ್ತಾಳೆಯ ಮೊಳೆ;
ಹಾಯಿಗೆ ಹಾಸನದಲ್ಲಿ ಕೊಂಡ ಲಾರಿ ಟಾರ್ಪಾಲು.
ಹಗ್ಗ ಎಷ್ಟು ಬೇಕೋ ತಿಳಿಯಲಿಲ್ಲ,
ಎರಡು ಮಾರು ಜಾಸ್ತಿಯೇ ಇರಲಿ ಎಂದೆ.

ಆ ಎರಡು ಮಾರೇ ಮುಳುಗಿಸಿದ್ದು.

ಗೊರೂರಿನ ಹಿನ್ನೀರು, ಆಷಾಢದ ಭಾನುವಾರ.
ಸಾಲ ವಸೂಲಿಗೆ ಬಂದವನ ಹಾಗೆ ಗಾಳಿ
ಮೊದಲು ಮೆತ್ತಗೆ ಕ್ಷೇಮ ಕೇಳಿ
ಆಮೇಲೆ ಕೊರಳಪಟ್ಟಿಗೇ ಕೈ ಹಾಕಿತು.
ಹಾಯಿ ಸಡಿಲಿಸಬೇಕು. ಸಡಿಲಿಸಿದೆ.
ಹಗ್ಗ ಓಡಿ ಹೋಗಿ ರಾಟೆಯ ಬಾಯಲ್ಲಿ
ತನ್ನ ಕೊರಳು ತಾನೇ ಹಿಸುಕಿಕೊಂಡು ನಿಂತಿತು.
ಎಳೆದೆ. ಎಳೆದಷ್ಟೂ ಬಿಗಿ.
ಒಂದು ಎಳೆ ಎಳೆದರೆ ಇನ್ನೊಂದು ಎಳೆಗೆ ಕೋಪ.
ಆಕಾಶ ಪಕ್ಕಕ್ಕೆ ಬಂತು, ನೀರು ಮೇಲಕ್ಕೆ.
ಹರಿಗೋಲಿನ ಹುಡುಗರು ನನ್ನನ್ನು ಎತ್ತಿಕೊಂಡರು;
ಆ ದಿನದ ದೊಡ್ಡ ಮೀನು ನಾನೇ ಅಂತೆ.

ಬೋರಲಿಂಗಯ್ಯನ ಬಳಿ ಹೋದದ್ದು ಅದಕ್ಕೆ.
ಆಲೂಗಡ್ಡೆ ಮಂಡಿಯಲ್ಲಿ ಮೂವತ್ತು ವರ್ಷ
ಲಾರಿಗೆ ಲೋಡು ಬಿಗಿದ ಕೈ,
ಅಂಗೈ ನಡುವೆ ಹಗ್ಗದ್ದೇ ಒಂದು ಗೆರೆ.
ಆಯುಷ್ಯರೇಖೆ ಯಾವುದೆಂದು ಜೋಯಿಸನೂ ಹೇಳಲಾರ.
ನೀರು ಕಂಡರೆ ಅವನಿಗೆ ಭಯ.
ದಡದಲ್ಲೇ ಟವೆಲ್ಲು ಹಾಸಿ, ಕಡಲೆಕಾಯಿ ಸುಲಿಯುತ್ತ
ನನ್ನ ಹಗ್ಗದ ಗುಡ್ಡೆ ನೋಡಿ ನಕ್ಕ:
"ಕೋಳಿ ಕಾಲಿಗೆ ಸುತ್ಕೊಂಡ ಕೂದ್ಲು ಕಂಡಂಗದೆ.
ಯಾರಿಗೇಂತ ಮಡಗಿದ್ದೀರಿ ಸ್ವಾಮಿ ಇದನ್ನ?"

ಮೊದಲು ಆ ಎರಡು ಮಾರು ಕತ್ತರಿಸಿದ.
ಕಡಿದ ತುದಿಗೆ ಬೆಂಕಿಕಡ್ಡಿ ಗೀರಿ, ಕರಗಿಸಿ, ಉಗುರಲ್ಲಿ ಒತ್ತಿದ.
ಎಳೆ ಬಿಟ್ಟ ತುದಿಯೇ ಸಿಕ್ಕಿನ ತಾಯಿ.
ಹಗ್ಗಕ್ಕೊಂದು ಹುರಿ ಇದೆ, ಅದು ಹೊಸೆದವನ ಮಾತು;
ಆ ಮಾತಿಗೆ ಎದುರಾಗಿ ಸುತ್ತಿದರೆ
ಬೇಕಾದ ಹೊತ್ತಿಗೆ ಸೇಡು ತೀರಿಸುತ್ತದೆ.
"ಮೊಣಕೈಗೆ ಸುತ್ತಬ್ಯಾಡಿ.
ಒಂದು ಸುತ್ತು ಈ ಕಡೆ, ಒಂದು ಆ ಕಡೆ,
ಎರಡು ಬಳೆ ಅಂಟಿಸಿದಂಗೆ."
ಮೊದಲು ಓಡಬೇಕಾದ್ದು ಮೇಲೆ,
ಕಡೆಯದು ತಳದಲ್ಲಿ, ಅದಕ್ಕೊಂದು ಗಂಟು,
ರಾಟೆಯ ಕಣ್ಣು ತಪ್ಪಿಸಿ ಪರಾರಿಯಾಗದ ಹಾಗೆ.
ಹಾಯಿ ಏರಿಸುವ ಹಗ್ಗಕ್ಕೆ ಕೆಂಪು ದಾರದ ಗುರುತು.
ಹಾಯಿ ಹಿಡಿಯುವುದಕ್ಕೆ ಏನೂ ಇಲ್ಲ,
ಅದು ಕೈಯಲ್ಲೇ ಇರುತ್ತದಲ್ಲ.
ಒಂದು ಮಲಗುವ ಜಾಗದಲ್ಲಿ ಇನ್ನೊಂದು ಮಲಗಕೂಡದು.
ಕಟ್ಟಲೇಬೇಕಾದರೆ ಜೀರುಗುಣಿಕೆ:
ಹಲ್ಲು, ಚಾಕು, ಬೈಗುಳ ಯಾವುದೂ ಬೇಡದ್ದು.

"ನೋಡಿ," ಅಂದ, ಸಿಪ್ಪೆ ಉಗುಳಿ,
"ಹಾಸನದಲ್ಲಿ ಬಿಗಿಯೋನು ನಾನು.
ಕಲ್ಲೀಕೋಟೇಲಿ, ಸರಹೊತ್ತಲ್ಲಿ, ಮಳೇಲಿ
ಬಿಚ್ಚೋನು ಯಾರೋ.
ಅವನ ಮಕ ನಾ ಕಂಡಿಲ್ಲ, ಭಾಸೆ ತಿಳೀದು.
ಬಿಗಿಯೋವಾಗ ಅವನ ಬೆಳ್ಳು ನೆನೀತೀನಿ.
ಒಂದೇ ಒಂದು ಸಲ ಡ್ರೈವರ್ ಕೈಲಿ
ಬೈಗುಳ ಹೇಳಿ ಕಳ್ಸಿದ್ದ. ಅವತ್ತು ನಂಗೆ ಜ್ವರ."

ನನ್ನ ದೋಣಿಯಲ್ಲಿ ಬಿಗಿಯುವವನೂ ನಾನೇ,
ಬಿಚ್ಚುವವನೂ ನಾನೇ.
ಆದರೂ ಶನಿವಾರ ಸಂಜೆ ಸುತ್ತಿಡುವ ನಾನು
ಭಾನುವಾರ ಗಾಳಿಯಲ್ಲಿ ತಡಕುವ ಅವನನ್ನು ಕಂಡಿಲ್ಲ.
ಅವನು ಒದ್ದೆ. ಅವನಿಗೆ ಅವಸರ.
ಅವನ ಬೆರಳು ಚಳಿಗೆ ಮರಗಟ್ಟಿದೆ.

ಕಳೆದ ವಾರ ಮತ್ತೆ ಅದೇ ಗಾಳಿ, ಅದೇ ಕೊರಳಪಟ್ಟಿ.
ಬಿಟ್ಟೆ.
ಹಗ್ಗ ಒಂದೂ ಪ್ರಶ್ನೆ ಕೇಳದೆ
ಹುಲ್ಲಲ್ಲಿ ಕೇರೆಹಾವಿನಂತೆ ಸರ್ರನೆ ಹರಿದು ಹೋಯಿತು.
ಹಾಯಿ ಪಟಪಟ ಬಡಿದು ಸುಮ್ಮನಾಯಿತು.
ದೋಣಿ ತೂಗಿತು, ನೆಟ್ಟಗಾಯಿತು.

ಯಾರಾದರೂ ನೋಡಿದರೇ ಎಂದು ದಡಕ್ಕೆ ತಿರುಗಿದೆ.
ಬೋರಲಿಂಗಯ್ಯ ಮುಖದ ಮೇಲೆ ಟವೆಲ್ಲು ಹೊದ್ದು ನಿದ್ದೆ.
ಎಬ್ಬಿಸಿದೆ. "ಏನಾಯ್ತು?"
"ಏನೂ ಆಗಲಿಲ್ಲ."
"ಮತ್ತೆ?" ಎಂದು ಎದ್ದು ಕೂತ,
ಉಳಿದ ಕಡಲೆಕಾಯಿಯ ಪ್ಲಾಸ್ಟಿಕ್ ಚೀಲ ತೆಗೆದ,
ಬಿಗಿದ ಗಂಟಿನ ಜೊತೆ ಸ್ವಲ್ಪ ಹೊತ್ತು ಗುದ್ದಾಡಿ
ಕೊನೆಗೆ ಹಲ್ಲಲ್ಲೇ ಹರಿದ,
ಅಂಗಡಿಯವನ ಏಳು ತಲೆಮಾರನ್ನೂ ಬೈಯುತ್ತ.